ಹಿಮಕರಡಿಗೆ ಆ ಗಾತ್ರ ಎಲ್ಲಿಂದ ಬಂತು? ನಮ್ಮ ಗುಡ್ಡದ ಕರಡಿಗೆ ಯಾಕಿಲ್ಲ?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನಲ್ಲಿ ಗುಡ್ಡದ ಬುಡದ ಊರು. ಶೇಂಗಾ, ಮೆಕ್ಕೆಜೋಳ ಬಂದಾಗ ರಾತ್ರಿ ಹೊಲಕ್ಕೆ ಕರಡಿ ಬರುತ್ತವೆ. ಏಳನೇ ಕ್ಲಾಸಿನ ಮಗಳು ಟಿವಿಯಲ್ಲಿ ಹಿಮಕರಡಿ ನೋಡಿ, 'ಅದು ಅಷ್ಟು ದೊಡ್ಡದು, ನಮ್ಮದು ಯಾಕೆ ಇಷ್ಟೇ?' ಅಂತ ಕೇಳಿದಳು. ಚಳಿಗೆ ಹಾಗಾಗಿದೆ ಅಂದೆ. ಅದು ಸರಿನಾ? ಅವು ಎಷ್ಟು ದೂರ ಓಡಾಡುತ್ತವೆ? ನಮ್ಮ ಕರಡಿ ಈ ಬಿಸಿಲಲ್ಲಿ ಅಷ್ಟು ಕೂದಲು ಹೊತ್ತು ಹೇಗೆ ಬದುಕುತ್ತೆ? ರಾತ್ರಿ ನೀರು ಬಿಡೋಕೆ ಹೋಗುವ ನಾವು ಏನು ಎಚ್ಚರ ವಹಿಸಬೇಕು?

ಉತ್ತರ: ಚಳಿ ಅನ್ನೋದು ಸರಿಯೇ, ಆದರೆ ಅರ್ಧ ಉತ್ತರ. ಇನ್ನರ್ಧ ಊಟದಲ್ಲಿದೆ. ಕರಡಿ ಎಷ್ಟು ದೊಡ್ಡದಾಗುತ್ತೆ, ಎಷ್ಟು ನಡೆಯುತ್ತೆ, ಎಲ್ಲಿ ಮಲಗುತ್ತೆ ಅನ್ನೋದನ್ನೆಲ್ಲ ಅದರ ಊಟ ಎಲ್ಲಿದೆ, ಎಷ್ಟಿದೆ ಅನ್ನೋದೇ ತೀರ್ಮಾನಿಸುತ್ತೆ. ನಿಮ್ಮ ಹೊಲಕ್ಕೆ ಬರುವ ಕರಡಿಗೂ ಇದೇ ಮಾತು. ಅದಕ್ಕೇ ಮಗಳ ಪ್ರಶ್ನೆಯನ್ನೂ ನಿಮ್ಮದನ್ನೂ ಒಟ್ಟಿಗೇ ತಗೊಂಡಿದ್ದೇನೆ.

ಮೊದಲು ಅಳತೆ. ಬೆಳೆದ ಗಂಡು ಹಿಮಕರಡಿ ಸಾಮಾನ್ಯವಾಗಿ 350ರಿಂದ 600 ಕೆಜಿ ತೂಗುತ್ತೆ. ಹಿಂಗಾಲ ಮೇಲೆ ಎದ್ದು ನಿಂತರೆ ಕೆಲವು ಮೂರು ಮೀಟರ್ ಮುಟ್ಟುತ್ತವೆ. ಹೆಣ್ಣು ಅದರ ಅರ್ಧದಷ್ಟು, 150ರಿಂದ 300 ಕೆಜಿ. 1960ರಲ್ಲಿ ಅಲಾಸ್ಕಾದಲ್ಲಿ ಬೇಟೆಯಾದ ಒಂದು ಗಂಡು 1,002 ಕೆಜಿ ಇತ್ತು ಅಂತ ದಾಖಲೆ ಇದೆ. ನಮ್ಮ ಕರಡಿಯಲ್ಲಿ ಗಂಡು 80ರಿಂದ 145 ಕೆಜಿ, ಹೆಣ್ಣು 55ರಿಂದ 95. ಕೂದಲು ಉದ್ದ ಇರೋದರಿಂದ ಕತ್ತಲಲ್ಲಿ ನೋಡಿದವರಿಗೆ ಅದೂ ದೈತ್ಯನ ಹಾಗೇ ಕಾಣುತ್ತೆ, ಆ ಮಾತು ಬೇರೆ.

ಈಗ ಚಳಿಯ ವಿಷಯ. ಹಂಡೆ ತುಂಬ ಕಾಯಿಸಿದ ನೀರು ಬೇಗ ಆರೋದಿಲ್ಲ, ಅದೇ ನೀರನ್ನು ಲೋಟಕ್ಕೆ ಬಗ್ಗಿಸಿದರೆ ಮಾತಾಡುತ್ತಿದ್ದಂತೆ ತಣ್ಣಗಾಗುತ್ತೆ. ಮೈ ದೊಡ್ಡದಾದಷ್ಟೂ ಒಳಗಿನ ಬಿಸಿ ನಿಧಾನವಾಗಿ ಹೊರಗೆ ಹೋಗುತ್ತೆ. ಒಂದೇ ಬಗೆಯ ಪ್ರಾಣಿಗಳಲ್ಲಿ ಚಳಿ ಪ್ರದೇಶದವು ದೊಡ್ಡವು, ಸೆಕೆ ಪ್ರದೇಶದವು ಸಣ್ಣವು ಅಂತ ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲೇ ಬರೆದಿದ್ದ. ನೀವು ಮಗಳಿಗೆ ಹೇಳಿದ್ದು ಅದನ್ನೇ.

ಆದರೆ ಬರೀ ಚಳಿಯಿಂದ ದೊಡ್ಡದಾಗೋ ಹಾಗಿದ್ದರೆ ಮಂಗೋಲಿಯಾದ ಗೋಬಿ ಮರುಭೂಮಿಯ ಕಂದುಕರಡಿ ಭಾರೀ ಗಾತ್ರ ಇರಬೇಕಿತ್ತು. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುತ್ತೆ. ಆದರೂ ಆ ಕರಡಿ ಹೆಚ್ಚುಕಮ್ಮಿ ನಮ್ಮ ಗಂಡು ಕರಡಿಯಷ್ಟೇ ತೂಗುತ್ತೆ. ಯಾಕೆ ಅಂದರೆ ಅಲ್ಲಿ ತಿನ್ನೋಕೆ ಸಿಗೋದು ಗೆಡ್ಡೆ, ಕಾಡು ಈರುಳ್ಳಿ, ಒಂದಿಷ್ಟು ಕಾಯಿ ಹಣ್ಣು. ಅವು ಈಗ 50ಕ್ಕಿಂತ ಕಡಿಮೆ ಉಳಿದಿವೆ. ಅದೇ ಕಂದುಕರಡಿ ಜಾತಿ ಅಲಾಸ್ಕಾದ ಕೋಡಿಯಾಕ್ ದ್ವೀಪಗಳಲ್ಲಿ 600 ಕೆಜಿ ದಾಟುತ್ತೆ. ಅಲ್ಲಿ ಬೇಸಿಗೆಯಲ್ಲಿ ಹೊಳೆ ತುಂಬ ಸಾಲ್ಮನ್ ಮೀನು ಏರಿ ಬರುತ್ತೆ. ಒಂದೇ ಜಾತಿ, ಊಟ ಬೇರೆ. ತೂಕದಲ್ಲಿ ಐದಾರು ಪಟ್ಟು ವ್ಯತ್ಯಾಸ. ಮಗಳಿಗೆ ಹೇಳೋಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ಹಿಮಕರಡಿಯ ಊಟ ಸೀಲ್. ಅದರಲ್ಲೂ ಮುಖ್ಯವಾಗಿ ರಿಂಗ್ಡ್ ಸೀಲ್ ಅನ್ನೋ ಸಣ್ಣ ಜಾತಿ. ಸೀಲ್ ಅಂದರೆ ಸಮುದ್ರದಲ್ಲಿ ಬದುಕುವ, ತೊಗಲಿನ ಕೆಳಗೆ ದಪ್ಪ ಕೊಬ್ಬು ಹೊದ್ದ ಪ್ರಾಣಿ. ಹೊಟ್ಟೆ ತುಂಬಿದ ಹಿಮಕರಡಿ ಎಷ್ಟೋ ಸಲ ಕೊಬ್ಬನ್ನಷ್ಟೇ ತಿಂದು ಮಾಂಸ ಬಿಟ್ಟು ಹೋಗುತ್ತೆ. ತಿಂದ ಕೊಬ್ಬಿನಲ್ಲಿ ಶೇ. 97ರಷ್ಟನ್ನು ಅದರ ಮೈ ಹೀರಿಕೊಳ್ಳುತ್ತೆ. ಒಂದೇ ಊಟಕ್ಕೆ ತನ್ನ ತೂಕದ ಐದನೇ ಒಂದು ಪಾಲಿನಷ್ಟು ತಿನ್ನಬಲ್ಲದು. ಕೊಬ್ಬಿದ ಹೆಣ್ಣಿನ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತೆ. ಆ ದೊಡ್ಡ ಮೈ ಅದಕ್ಕೆ ಕಣಜ. ಸಿಕ್ಕಾಗ ತುಂಬಿಕೊಳ್ಳಬೇಕು, ಸಿಗದ ತಿಂಗಳುಗಳಲ್ಲಿ ಕರಗಿಸಿಕೊಂಡು ಬದುಕಬೇಕು. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ದಡದಲ್ಲಿ ಬಸುರಿ ಕರಡಿಗಳು ಎಂಟು ತಿಂಗಳವರೆಗೆ ಏನೂ ತಿನ್ನದೆ ಇರುತ್ತವೆ. ಅಷ್ಟರಲ್ಲೇ ಮರಿ ಹಾಕಿ ಹಾಲೂ ಕುಡಿಸುತ್ತವೆ.

ನಮ್ಮ ಕರಡಿಯ ಕಥೆ ಪೂರ್ತಿ ಬೇರೆ. ಲೋಕದಲ್ಲಿರುವ ಎಂಟು ಜಾತಿ ಕರಡಿಗಳಲ್ಲಿ ಗೆದ್ದಲು, ಇರುವೆ ತಿಂದು ಬದುಕೋಕೆ ಇಷ್ಟು ಹೊಂದಿಕೊಂಡದ್ದು ಇದೊಂದೇ. ಬಾಯಿ ತೆರೆದಾಗ ನೋಡಿದರೆ ಮೇಲಿನ ಸಾಲಿನ ನಡು ಎರಡು ಹಲ್ಲು ಇರೋದೇ ಇಲ್ಲ. ಅಲ್ಲಿ ಸಂದು. ಕೆಳತುಟಿ ಉದ್ದ, ಬೇಕಾದ ಹಾಗೆ ಮುಂದಕ್ಕೆ ಚಾಚುತ್ತೆ. ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತೆ. ಹುತ್ತ ಸಿಕ್ಕರೆ ಮೊದಲು ಉಗುರಿನಿಂದ ಕೆರೆದು ಗುಂಡಿ ಮಾಡುತ್ತೆ. ಮೂತಿ ಇಟ್ಟು ಫೂ ಅಂತ ಊದಿ ಮಣ್ಣು ಹಾರಿಸುತ್ತೆ. ಆಮೇಲೆ ತುಟಿಯನ್ನು ಕೊಳವೆ ಮಾಡಿ ಗೆದ್ದಲು, ಮೊಟ್ಟೆ, ಮರಿ ಎಲ್ಲವನ್ನೂ ಭರ್ ಅಂತ ಎಳೆದುಕೊಳ್ಳುತ್ತೆ. ಆ ಸದ್ದು ನಿಶ್ಶಬ್ದದ ರಾತ್ರಿಯಲ್ಲಿ ನೂರು ಮೀಟರ್ ಆಚೆಗೂ ಕೇಳಿಸುತ್ತೆ. ನಿಮ್ಮ ಊರಿನ ಕುರಿಗಾಹಿಗಳನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುತ್ತೆ. ಬೆಳಿಗ್ಗೆ ಹೋಗಿ ನೋಡಿದರೆ ಹುತ್ತದ ಬುಡದಲ್ಲಿ ಮೂತಿಯಷ್ಟಗಲದ ಚೊಕ್ಕ ಗುಂಡಿ, ಸುತ್ತ ಊದಿದ ಪುಡಿಮಣ್ಣು, ಬದಿಯಲ್ಲಿ ಉಗುರಿನ ಉದ್ದುದ್ದ ಗೀರು.

ಒಂದು ಗೆದ್ದಲು ಅಂದರೆ ಕೆಲವೇ ಮಿಲಿಗ್ರಾಂ. ಅದನ್ನು ತಿಂದು 600 ಕೆಜಿ ಮೈ ಸಾಕೋಕಾಗುತ್ತಾ? ಅದರ ಜೊತೆ ಹಣ್ಣು. ಬಾರೆ, ಕಾರೆ, ಕವಳೆ, ಈಚಲು, ನೇರಳೆ, ಕಕ್ಕೆ, ಸೀತಾಫಲ, ಒಂದಾದ ಮೇಲೊಂದು ಬರುತ್ತವೆ, ಕರಡಿ ಅದರ ಹಿಂದೆ ತಿರುಗುತ್ತೆ. ಹಣ್ಣಿನ ಕಾಲದಲ್ಲಿ ಅದರ ಲದ್ದಿ ಪೂರ್ತಿ ಬೀಜ. ಕಡ್ಡಿಯಲ್ಲಿ ಬಿಡಿಸಿ ನೋಡಿದರೆ ಆ ವಾರ ಗುಡ್ಡದಲ್ಲಿ ಯಾವ ಹಣ್ಣು ಕಳಿತಿದೆ ಅಂತ ಹೇಳಬಹುದು. ಮಳೆ ಬಿದ್ದ ಮೇಲೆ ಅದೇ ಲದ್ದಿಯಿಂದ ಸಸಿ ಏಳುತ್ತೆ. ಕುರುಚಲು ಗುಡ್ಡದಲ್ಲಿ ಗಿಡ ಹರಡೋದರಲ್ಲಿ ಕರಡಿಗೆ ದೊಡ್ಡ ಪಾಲಿದೆ. ಇದನ್ನು ಜನ ನೆನಪಿಟ್ಟುಕೊಳ್ಳಲಿ ಅಂತ ನನ್ನಾಸೆ.

ಹಾಗಾಗಿ ನಮ್ಮದು ಸಣ್ಣದಾಗಿರೋದು ಕೊರತೆ ಅಲ್ಲ. ಈ ಊಟಕ್ಕೆ, ಈ ಸೆಕೆಗೆ ಅಷ್ಟು ಮೈ ಸರಿ. ಮಲೇಷ್ಯಾ ಕಡೆಯ ಸೂರ್ಯಕರಡಿ ಇನ್ನೂ ಸಣ್ಣದು, 65 ಕೆಜಿ ದಾಟೋದೇ ಕಮ್ಮಿ. ಅದು ನಮ್ಮ ಈಶಾನ್ಯ ರಾಜ್ಯಗಳಲ್ಲೂ ಇದೆ. ಹಿಮಾಲಯದ ಕಪ್ಪುಕರಡಿ, ಕಂದುಕರಡಿ ಸೇರಿದರೆ ಭಾರತದಲ್ಲಿ ನಾಲ್ಕು ಜಾತಿ. ಉಳಿದ ನಾಲ್ಕು ಹೊರಗಿನವು: ಹಿಮಕರಡಿ, ಅಮೆರಿಕದ ಕಪ್ಪುಕರಡಿ, ಆಂಡೀಸ್ ಪರ್ವತದ ಕನ್ನಡಕದ ಕರಡಿ, ಚೀನಾದ ಪಾಂಡಾ.

ಇನ್ನು ಓಡಾಟ. ಇಲ್ಲಿ ಅಂತರ ಎಷ್ಟು ಅಂದರೆ ನಂಬೋದು ಕಷ್ಟ. ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದಲ್ಲಿ ಹೆಣ್ಣು ಹಿಮಕರಡಿಗಳಿಗೆ ರೇಡಿಯೋ ಕಾಲರ್, ಅಂದರೆ ಎಲ್ಲಿದೆ ಅಂತ ಸುಳಿವು ಕೊಡುವ ಕತ್ತಿನ ಪಟ್ಟಿ, ಹಾಕಿ ವರ್ಷಗಟ್ಟಲೆ ಗಮನಿಸಿದ್ದಾರೆ. ಒಂದೊಂದು ಕರಡಿ ವರ್ಷದಲ್ಲಿ ಸುತ್ತಾಡುವ ಜಾಗ ಸರಾಸರಿ 1.49 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕ 1.91 ಲಕ್ಷ. ಅಂದರೆ ಒಂದೇ ಕರಡಿಗೆ ನಮ್ಮ ರಾಜ್ಯದ ಮುಕ್ಕಾಲು ಭಾಗ ಬೇಕು. ನೇಪಾಳದ ಚಿತ್ವನ್ ಕಾಡಿನಲ್ಲಿ ನಮ್ಮ ಜಾತಿಯದೇ ಕರಡಿಗಳಿಗೆ ಕಾಲರ್ ಹಾಕಿದಾಗ ಹೆಣ್ಣಿಗೆ ಸುಮಾರು 9, ಗಂಡಿಗೆ 14 ಚದರ ಕಿಲೋಮೀಟರ್ ಸಾಕಾಗಿತ್ತು. ಚಿತ್ವನ್ ಹಸಿರು ಸೀಮೆ, ಅಲ್ಲಿ ಊಟ ಹತ್ತಿರದಲ್ಲೇ ಇದೆ. ಒಣಗುಡ್ಡದ ಕರಡಿ ಅದಕ್ಕಿಂತ ಜಾಸ್ತಿ ತಿರುಗಲೇಬೇಕು. ಆದರೂ ಹಿಮಕರಡಿಯ ಲೆಕ್ಕಕ್ಕೆ ಹತ್ತಿರವೂ ಬರೋದಿಲ್ಲ.

ಹೆಣ್ಣುಗಳಿಗೆ ಮಾತ್ರ ಯಾಕೆ ಕಾಲರ್ ಹಾಕಿದರು ಅಂತ ಕೇಳಬಹುದು. ಗಂಡು ಹಿಮಕರಡಿಯ ಕತ್ತು ತಲೆಗಿಂತ ದಪ್ಪ. ಹಾಕಿದ ಕಾಲರ್ ಜಾರಿ ಬಿದ್ದುಹೋಗುತ್ತೆ. ಹಾಗಾಗಿ ಹಿಮಕರಡಿಗಳ ಓಡಾಟದ ಬಗ್ಗೆ ಲೋಕಕ್ಕೆ ಗೊತ್ತಿರೋದರಲ್ಲಿ ಹೆಚ್ಚಿನದು ಹೆಣ್ಣುಗಳಿಂದಲೇ ಬಂದದ್ದು.

ಅಷ್ಟು ದೂರ ಯಾಕೆ ನಡೆಯಬೇಕು? ಅದರ ನೆಲವೇ ನಿಲ್ಲೋದಿಲ್ಲ. ಸಮುದ್ರದ ಮೇಲಿನ ಮಂಜುಗಡ್ಡೆ ಗಾಳಿಗೆ, ಪ್ರವಾಹಕ್ಕೆ ತೇಲುತ್ತಲೇ ಇರುತ್ತೆ. ಬ್ಯೂಫೋರ್ಟ್ ಕಡೆ ಅದು ಪಶ್ಚಿಮಕ್ಕೆ ಸರಿಯುತ್ತೆ, ಕರಡಿ ತನ್ನ ಜಾಗದಲ್ಲೇ ಇರಬೇಕಾದರೆ ಪೂರ್ವಕ್ಕೆ ನಡೆಯುತ್ತಲೇ ಇರಬೇಕು. ಈಗ ಮಂಜು ತೆಳುವಾಗಿದೆ. ತೆಳುವಾದ ಮಂಜು ಬೇಗ ತೇಲುತ್ತೆ. ನಡಿಗೆ ಜಾಸ್ತಿಯಾಗಿದ್ದಕ್ಕೆ ಒಂದೊಂದು ಕರಡಿ ವರ್ಷಕ್ಕೆ ಒಂದರಿಂದ ಮೂರು ಸೀಲ್ ಹೆಚ್ಚಿಗೆ ತಿನ್ನಬೇಕು ಅಂತ 2017ರಲ್ಲಿ ಲೆಕ್ಕ ಹಾಕಿದರು. 2008ರಲ್ಲಿ ಅದೇ ಸಮುದ್ರದಲ್ಲಿ ಒಂದು ಹೆಣ್ಣು ಒಂಬತ್ತು ದಿನ ನಿಲ್ಲದೆ 687 ಕಿಲೋಮೀಟರ್ ಈಜಿತು. ಮುಂಗಾಲು ಬಡಿದು ಈಜೋದು, ಹಿಂಗಾಲು ಚುಕ್ಕಾಣಿ. ಆಮೇಲೂ ಮಂಜಿನ ಮೇಲೆ ನಡೆಯುತ್ತ, ನಡುನಡುವೆ ಈಜುತ್ತ 1,800 ಕಿಲೋಮೀಟರ್ ಹೋಯಿತು. ಎರಡು ತಿಂಗಳ ಮೇಲೆ ಮತ್ತೆ ಹಿಡಿದು ನೋಡಿದಾಗ ಅದರ ತೂಕ ಶೇ. 22ರಷ್ಟು ಇಳಿದಿತ್ತು. ಜೊತೆಗಿದ್ದ ಒಂದು ವರ್ಷದ ಮರಿ ಇರಲಿಲ್ಲ. ಈ ವರದಿ ಓದಿದಾಗೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಇಷ್ಟೆಲ್ಲ ನಡೆದರೂ ಹಿಮಕರಡಿ ಬೇಟೆಗಾಗಿ ಓಡೋದು ಕಮ್ಮಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಆದರೆ ಸ್ವಲ್ಪ ದೂರಕ್ಕೇ ಮೈ ಕಾದುಬಿಡುತ್ತೆ. ಅಷ್ಟು ಕೊಬ್ಬು, ಅಷ್ಟು ದಟ್ಟ ತುಪ್ಪಳ. ಅದಕ್ಕೇ ಸೀಲ್ ಉಸಿರಾಡಲು ಬರುವ ಮಂಜುಗಡ್ಡೆಯ ತೂತಿನ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತೆ. ಕೂತೇ ಇರೋ ಪ್ರಾಣಿಗೆ ಮೈಶಕ್ತಿಯ ಖರ್ಚು ಕಮ್ಮಿ ಅಂತ ಮೊದಲು ಅಂದುಕೊಂಡಿದ್ದರು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂಬತ್ತು ಹೆಣ್ಣುಗಳನ್ನು ಕಾಲರ್ ಕ್ಯಾಮೆರಾ ಹಾಕಿ ಅಳೆದರು. ಖರ್ಚು ಅಂದುಕೊಂಡದ್ದಕ್ಕಿಂತ 1.6 ಪಟ್ಟು ಇತ್ತು. ಎಂಟು ಹತ್ತು ದಿನದಲ್ಲೇ ನಾಲ್ಕು ಕರಡಿಗಳ ತೂಕ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು. ಸೀಲ್ ಸಿಗಲಿಲ್ಲ, ಅಷ್ಟೇ.

ನಡಿಗೆಯ ರೀತಿ ಎರಡರದ್ದೂ ಒಂದೇ. ನಮ್ಮ ಹಾಗೆ ಪೂರ್ತಿ ಅಂಗಾಲು ಊರಿ ನಡೆಯುತ್ತವೆ. ಪಾದ ಮಾತ್ರ ಬೇರೆ. ಹಿಮಕರಡಿಯ ಮುಂಗಾಲು 30 ಸೆಂಟಿಮೀಟರ್‌ವರೆಗೂ ಅಗಲ. ತೆಳು ಮಂಜು ಒಡೆಯದ ಹಾಗೆ ಭಾರ ಹಂಚೋಕೂ ಅದು, ಈಜೋಕೂ ಅದೇ. ಉಗುರು ಗಿಡ್ಡ, ಗಟ್ಟಿ. ನಮ್ಮ ಕರಡಿಯ ಉಗುರು ಬೆರಳುದ್ದ, ಬಾಗಿರುತ್ತೆ. ಹುತ್ತ ಅಗೆಯೋಕೆ, ಜೇನಿಗೆ ಮರ ಹತ್ತೋಕೆ. ಕಲ್ಲುಮಣ್ಣಿನ ಕಾಲುದಾರಿಯಲ್ಲಿ ಹೆಜ್ಜೆ ಮೂಡಿದ್ದರೆ ಬೆರಳಿಗಿಂತ ಎಷ್ಟೋ ಮುಂದೆ ಉಗುರಿನ ಚುಕ್ಕೆ ಕಾಣುತ್ತೆ. ಮನುಷ್ಯನ ಬರಿಗಾಲು ಅಂತ ಮೋಸ ಹೋಗೋದು ಹಿಂಗಾಲಿನ ಹೆಜ್ಜೆ ನೋಡಿ.

ಕೂದಲಿನ ಪ್ರಶ್ನೆಗೆ ಬರುತ್ತೇನೆ. ಹಿಮಕರಡಿಗೆ ಎರಡು ಪದರ: ಹೊರಗೆ ಉದ್ದ ಕೂದಲು, ಒಳಗೆ ದಟ್ಟ ತುಪ್ಪಳ. ಕೂದಲಿಗೆ ಬಣ್ಣವೇ ಇಲ್ಲ, ಬೆಳಕು ಚದುರಿ ಬೆಳ್ಳಗೆ ಕಾಣುತ್ತೆ. ಚರ್ಮ ಕಪ್ಪು. ನಮ್ಮ ಕರಡಿಗೆ ಒಳಪದರ ಇಲ್ಲವೇ ಇಲ್ಲ ಅನ್ನಬಹುದು. ಹೊಟ್ಟೆ, ತೊಡೆಯ ಒಳಗೆ ಕೂದಲು ತೀರಾ ವಿರಳ. ಬೆನ್ನು, ಹೆಗಲ ಮೇಲೆ ಮಾತ್ರ ಕೆದರಿದ ಉದ್ದ ಕೂದಲು. ಮರಿಗಳು ಅದನ್ನೇ ಹಿಡಿದು ತಾಯಿಯ ಬೆನ್ನ ಮೇಲೆ ಸವಾರಿ ಮಾಡುತ್ತವೆ. ತಿಂಗಳುಗಟ್ಟಲೆ ಹೀಗೆ ಮರಿ ಹೊತ್ತು ತಿರುಗೋದು ಕರಡಿಗಳಲ್ಲಿ ನಮ್ಮದೊಂದೇ.

ಆದರೆ ರಾಯಚೂರು, ಬಳ್ಳಾರಿಯಲ್ಲಿ 42 ಡಿಗ್ರಿ ಹೊಡೆಯುವ ಏಪ್ರಿಲ್, ಮೇ ತಿಂಗಳಲ್ಲಿ ಕೂದಲು ವಿರಳ ಅಂದ ಮಾತ್ರಕ್ಕೆ ಸಾಕಾಗೋದಿಲ್ಲ. ಕರಡಿಯನ್ನು ಉಳಿಸೋದು ಗವಿ. ನಮ್ಮ ಸೀಮೆಯ ಗುಡ್ಡ ಅಂದರೆ ಬಂಡೆ ಮೇಲೆ ಬಂಡೆ ಪೇರಿಸಿದ ರಾಶಿ. ಅದರ ಸಂದಿಯಲ್ಲಿ ಬಿಸಿಲು ತಾಗದ ತಂಪು ಜಾಗಗಳಿವೆ. ಹಗಲು ಅಲ್ಲಿ ಮಲಗುತ್ತೆ, ಹೊತ್ತು ಮುಳುಗುವಾಗ ಎದ್ದು ಬರುತ್ತೆ, ಬೆಳಗಾಗೋದರೊಳಗೆ ವಾಪಸ್. ಬಂಡೆಯ ದೊಣೆಯಲ್ಲಿ ನೀರಿದ್ದರೆ ಅಲ್ಲೇ, ಇಲ್ಲದಿದ್ದರೆ ಹಳ್ಳಕ್ಕೆ ಇಳಿದು ಕುಡಿಯುತ್ತೆ. ದರೋಜಿ ಕರಡಿಧಾಮ 1994ರಲ್ಲಿ ಆದದ್ದು ಇಂಥ ಗುಡ್ಡಗಳಿವೆ ಅಂತಲೇ. ಈಗ ಅದು 82 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇದೆ. ಮಧ್ಯಾಹ್ನದ ಮೇಲೆ ಸಿಬ್ಬಂದಿ ಬಂಡೆಗೆ ಜೋನಿಬೆಲ್ಲ ಬಳಿದು ಬರುತ್ತಾರೆ, ವಾಚ್‌ಟವರ್‌ನಿಂದ ನೋಡುತ್ತಿದ್ದರೆ ಕರಡಿ ಒಂದೊಂದೇ ಸಂದಿಯಿಂದ ಇಳಿದು ಬಂದು ನೆಕ್ಕುತ್ತವೆ. ಮಗಳನ್ನು ಒಮ್ಮೆ ಕರಕೊಂಡು ಹೋಗಿ. ಹೊಸಪೇಟೆ ದಾಟಿ ಕಮಲಾಪುರದ ಹತ್ತಿರ, ನಿಮಗೆ ದೂರವೇನಲ್ಲ.

ಚಳಿಗಾಲದ ನಿದ್ದೆ ನಮ್ಮ ಕರಡಿಗೆ ಇಲ್ಲ. ಹಿಮಕರಡಿಯಲ್ಲೂ ಬಸುರಿ ಮಾತ್ರ ಹಿಮ ಕೊರೆದು ಗೂಡು ಮಾಡಿ ಒಳಗೆ ಸೇರುತ್ತೆ, ಗಂಡುಗಳು ಚಳಿಗಾಲವಿಡೀ ತಿರುಗುತ್ತವೆ. ಮರಿ ಹುಟ್ಟಿದಾಗ 600 ಗ್ರಾಂ ಇದ್ದರೆ ಹೆಚ್ಚು. ನಮ್ಮ ತಾಯಿಕರಡಿ ಡಿಸೆಂಬರ್, ಜನವರಿ ಸುಮಾರಿಗೆ ಗವಿಯಲ್ಲಿ ಮರಿ ಹಾಕುತ್ತೆ, ಸಾಮಾನ್ಯವಾಗಿ ಎರಡು. ಆ ದಿನಗಳಲ್ಲಿ ಸೌದೆಗೆ, ಜೇನಿಗೆ ಅಂತ ಬಂಡೆಸಂದಿಗೆ ಇಣುಕಲೇಬೇಡಿ.

ಇಬ್ಬರ ಕಷ್ಟವೂ ಇಲ್ಲಿ ಒಂದಾಗುತ್ತೆ. ಉತ್ತರ ಧ್ರುವದ ಕಡೆ ಸೆಪ್ಟೆಂಬರ್ ತಿಂಗಳ ಮಂಜು 1979ರಿಂದೀಚೆಗೆ ಹತ್ತು ವರ್ಷಕ್ಕೆ ಸುಮಾರು ಶೇ. 12ರಂತೆ ಕುಗ್ಗುತ್ತಿದೆ. ಮಂಜು ಹೋದರೆ ಸೀಲ್ ಹಿಡಿಯೋಕೆ ನಿಲ್ಲುವ ಜಾಗವೇ ಹೋಯಿತು. ಹಡ್ಸನ್ ಕೊಲ್ಲಿಯ ಪಶ್ಚಿಮದಲ್ಲಿ 2016ರಲ್ಲಿ 842 ಅಂತ ಅಂದಾಜಿದ್ದ ಕರಡಿಗಳು 2021ರಲ್ಲಿ 618ಕ್ಕೆ ಇಳಿದವು. ಅಲ್ಲಿ ಹಸಿದ ಕರಡಿ ಚರ್ಚಿಲ್ ಅನ್ನೋ ಊರಿಗೆ ನುಗ್ಗುತ್ತೆ. ನಮ್ಮಲ್ಲಿ ಗುಡ್ಡ ಕರಗೋದಿಲ್ಲ, ಒಡೆಯುತ್ತಾರೆ. ಒಂದು ಗುಡ್ಡ ಕ್ವಾರಿಗೆ ಹೋದರೆ ಹತ್ತಾರು ಗವಿ ಒಟ್ಟಿಗೇ ಹೋಗುತ್ತವೆ, ಅದನ್ನು ಮತ್ತೆ ಕಟ್ಟೋಕಾಗೋದಿಲ್ಲ. ಗಿಡ ನೆಟ್ಟು ಕಾಡು ಬೆಳೆಸಬಹುದು, ಬಂಡೆಸಂದಿ ಬೆಳೆಸೋಕಾಗುತ್ತಾ? ಗವಿ ಕಳಕೊಂಡ ಕರಡಿ ಪಕ್ಕದ ಗುಡ್ಡಕ್ಕೆ ಹೋಗುತ್ತೆ. ನಡುವೆ ಹೊಲ, ರಸ್ತೆ, ಕಾಲುವೆ. ಹಣ್ಣಿನ ಪೊದೆ ಕಡಿದ ಜಾಗದಲ್ಲಿ ಶೇಂಗಾ ಇದೆ, ಮೆಕ್ಕೆಜೋಳ ಇದೆ. ಮೂತಿಗೆ ವಾಸನೆ ಬಡಿದ ಮೇಲೆ ಇಳಿದು ಬರದೆ ಏನು ಮಾಡೀತು?

ಬೆಳೆ ಹಾಳಾದ ನೋವು ಸಣ್ಣದಲ್ಲ, ಅದು ನನಗೂ ಗೊತ್ತು. ಆದರೆ ಹಂದಿಗೆ ಅಂತ ಹಾಕುವ ಉರುಳಿಗೆ, ಬೇಲಿಗೆ ಕೊಟ್ಟ ಕರೆಂಟಿಗೆ ಸಾಯೋದು ಕರಡಿಯೂ ಹೌದು, ಎಷ್ಟೋ ಸಲ ಮನುಷ್ಯರೂ ಹೌದು. ಕರಡಿಗೆ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ರಕ್ಷಣೆ ಇದೆ. ತಂತಿ ಬೇಡ.

ರಾತ್ರಿ ನೀರು ಬಿಡೋಕೆ ಹೋಗುವಾಗ ಒಬ್ಬರೇ ಹೋಗಬೇಡಿ. ಟಾರ್ಚ್ ಇರಲಿ, ಜೋರಾಗಿ ಮಾತಾಡುತ್ತಾ ಹೋಗಿ, ಮೊಬೈಲಿನಲ್ಲಿ ಹಾಡು ಹಾಕಿದರೂ ಸರಿ. ಕರಡಿಗೆ ಕಣ್ಣು ಅಷ್ಟಕ್ಕಷ್ಟೆ. ತಲೆ ತಗ್ಗಿಸಿ ತಿನ್ನುವಾಗ ಸದ್ದು ಕೇಳಿಸಿಕೊಳ್ಳೋದೂ ಕಮ್ಮಿ. ಹತ್ತು ಹೆಜ್ಜೆ ದೂರದಲ್ಲಿ ಇದ್ದಕ್ಕಿದ್ದ ಹಾಗೆ ಮನುಷ್ಯ ಕಂಡರೆ ಗಾಬರಿಬಿದ್ದು ಮೇಲೆ ಬೀಳುತ್ತೆ. ಹುಲಿ, ಚಿರತೆಗಳ ಜೊತೆ ಬದುಕಿದ ಪ್ರಾಣಿ, ಓಡಿಹೋಗೋದಕ್ಕಿಂತ ಎದುರು ಬಿದ್ದು ಬದುಕೋದನ್ನು ಕಲಿತಿದೆ. ಅದಕ್ಕೆ ನಿಮ್ಮ ಸುಳಿವು ಮೊದಲೇ ಸಿಗಬೇಕು, ಅಷ್ಟೇ. ನಾಯಿ ಜೊತೆಗಿದ್ದರೆ ಹಗ್ಗ ಕಟ್ಟಿ ಹಿಡಿದುಕೊಳ್ಳಿ. ಬಿಟ್ಟ ನಾಯಿ ಬೊಗಳಿ ಕೆಣಕಿ, ಕೊನೆಗೆ ಕರಡಿಯನ್ನು ನಿಮ್ಮ ಕಡೆಗೇ ಕರಕೊಂಡು ಬರುತ್ತೆ.

ಎದುರು ಬಂದು ಎರಡು ಕಾಲ ಮೇಲೆ ನಿಂತರೆ ಅದು ವಾಸನೆ ಹಿಡಿಯುತ್ತಿದೆ, ನೋಡುತ್ತಿದೆ. ಬೆನ್ನು ತೋರಿಸಿ ಓಡಬೇಡಿ, ಅದು ನಿಮಗಿಂತ ಜೋರಾಗಿ ಓಡುತ್ತೆ. ಮರ ಹತ್ತಬೇಡಿ, ಅದೂ ಹತ್ತುತ್ತೆ. ಮುಖ ಅದರ ಕಡೆಗೇ ಇಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಬೆನ್ನ ಮೇಲೆ ಮರಿ ಇದ್ದರೆ ಇನ್ನೂ ದೂರ ಹೋಗಿ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಕತ್ತಿನ ಹಿಂದೆ ಹೆಣೆದುಕೊಂಡು, ಮುಖ ನೆಲಕ್ಕೆ ಒತ್ತಿ. ಅದು ಹೊಡೆಯೋದು ಮುಖ, ತಲೆಗೆ. ಅದು ಪೂರ್ತಿ ದೂರ ಹೋದ ಮೇಲೆ ಏಳಿ.

ಇದೆಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದಿದೆ. ಮೂರು ಫೇಸ್ ಕರೆಂಟ್ ರಾತ್ರಿ ಬರುತ್ತೆ ಅಂತಲೇ ಅಲ್ವಾ ನೀವು ಆ ಹೊತ್ತಲ್ಲಿ ಹೊಲಕ್ಕೆ ಹೋಗೋದು? ಗುಡ್ಡದ ಅಂಚಿನ ಪಂಪ್‌ಸೆಟ್‌ಗಳಿಗೆ ಹಗಲು ಕರೆಂಟ್ ಕೊಡಿ ಅಂತ ಊರಿನವರೆಲ್ಲ ಸೇರಿ ಬರೆದುಕೊಡಿ. ಅರ್ಜಿಯಲ್ಲಿ ಯಾವ ಹೊಲಕ್ಕೆ, ಯಾವ ತಾರೀಕು, ಎಷ್ಟು ಹೊತ್ತಿಗೆ ಕರಡಿ ಬಂತು ಅಂತ ಒಂದೊಂದಾಗಿ ಬರೆಯಿರಿ. ಅದರದೇ ಒಂದು ಪ್ರತಿ ಅರಣ್ಯ ಇಲಾಖೆಗೂ ಕೊಡಿ.